ಅಣ್ಣ ಮುಚ್ಚಿಟ್ಟ ರಿಪೋರ್ಟ್

ಮೊದಲು ನೋವು ಬಂದದ್ದು ಎಡ ಮೊಣಕಾಲಿಗೆ. ರಿಪ್ಪನ್‌ಪೇಟೆಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಮೆಷಿನ್ ತುಳಿದು ತುಳಿದು ಹೀಗಾಗಿದೆ ಎಂದುಕೊಂಡೆ. ಮೂಳೆಯ ಕ್ಯಾನ್ಸರ್ ಆಗಿತ್ತು. ಕೀಮೋ ಆಯಿತು, ಆಪರೇಷನ್ ಆಯಿತು, ಕಾಲಿಗೆ ರಾಡ್ ಬಂತು.

ವರ್ಷದ ಮೇಲೆ ಎದೆಯ ಸಿ.ಟಿ. ಸ್ಕ್ಯಾನ್. ಡಾಕ್ಟರ್ ರೂಮಿಗೆ ಅಣ್ಣ ಒಬ್ಬನೇ ಹೋದ. ಹೊರಗೆ ಬಂದು, "ಎಂತದೂ ಇಲ್ಲ ಮಾರಾಯ್ತಿ, ಸ್ವಲ್ಪ ಕಫ ಅಂತೆ" ಅಂದ. ಊರು ಮುಟ್ಟುವವರೆಗೆ ಬಸ್ಸಿನಲ್ಲಿ ನನ್ನ ಮುಖ ನೋಡಲಿಲ್ಲ.

ಆಮೇಲೆ ಉಪಚಾರ ಶುರುವಾಯಿತು. ಒಂದು ಲೋಟ ಕಾಫಿಗೂ ಮುಖ ಗಂಟಿಕ್ಕುತ್ತಿದ್ದ ಅತ್ತಿಗೆ ಕೇಳದೆಯೇ ಕಡುಬು, ಕೋಳಿ ಸಾರು ಮಾಡಿದಳು. ಹೊಸನಗರದಿಂದ ಮಾವ, ಸಾಗರದಿಂದ ಚಿಕ್ಕಮ್ಮ ಮೂಸಂಬಿ ಹಿಡಿದು ಬಂದರು. "ಎಂತ ತಿನ್ಬೇಕು ಅನ್ಸುತ್ತೆ, ಹೇಳು" ಎಂದು ಚಿಕ್ಕಮ್ಮ ಕೈ ಹಿಡಿದಳು. ಕೊನೆಗಾಲದಲ್ಲಿ ಅಜ್ಜಿಯನ್ನು ನಾವೆಲ್ಲ ಹಾಗೇ ಕೇಳಿದ್ದೆವು.

ಯಾರೂ ಇಲ್ಲದಾಗ ಹುಡುಕಿದೆ. ಬೀರುವಿನಲ್ಲಿ, ಅಣ್ಣನ ಬಟ್ಟೆಯಡಿ ರಿಪೋರ್ಟ್ ಸಿಕ್ಕಿತು.

ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿತ್ತು.

ಮರುದಿನ ಯಾರಿಗೂ ಹೇಳದೆ ಕೋಲೂರಿಕೊಂಡು ಬಸ್ ಹತ್ತಿದೆ.

"ಗಂಟು ಮೂರೇ ಇವೆ, ಸರ್ಜರಿ ಮಾಡಬಹುದು ಅಂದಿದ್ದೆ. ನೀವೇ ಬೇಡ ಅಂದ್ರಿ ಅಂತ ನಿಮ್ಮಣ್ಣ ಹೇಳಿದ್ರಲ್ಲ" ಎಂದರು ಡಾಕ್ಟರ್.

"ಬದುಕ್ತೀನಾ ಸರ್?"

"ಭರವಸೆ ಕೊಡೋಕಾಗಲ್ಲ. ಎಲ್ಲಾ ಗಂಟು ತೆಗೆಯೋಕಾದ್ರೆ ಕೆಲವರು ವರ್ಷಗಟ್ಟಲೆ ಬದುಕ್ತಾರೆ. ಹಲವರಿಗೆ ಮತ್ತೆ ಬರುತ್ತೆ."

ಕೆಲವರು.

ಆ ಮಾತನ್ನು ಅಣ್ಣ ಎರಡು ತಿಂಗಳು ನನ್ನಿಂದ ಬಚ್ಚಿಟ್ಟಿದ್ದ. ಸೇಡು ತೀರಿಸಿಕೊಳ್ಳದೆ ಬಿಡಬಾರದೆಂದುಕೊಂಡೆ. ನೆಂಟರೆಲ್ಲ ಸೇರಿದ್ದ ಭಾನುವಾರ ಅವನ ಕೈಗೇ ರಿಪೋರ್ಟ್ ಕೊಟ್ಟು ಓದಿಸಿದೆ. ತೊದಲಿದ. ಮೊದಲಿಂದ ಓದು ಅಂದೆ.

"ಕೀಮೋದಲ್ಲಿ ನೀನು ಪಟ್ಟ ಪಾಡು ನೋಡಕ್ಕಾಗ್ಲಿಲ್ಲ. ಮತ್ತೆ ಕೊಯ್ಸಿ ನೋಯ್ಸೋದು ಎಂತಕ್ಕೆ ಅಂತ..."

"ಎದೆ ನಂದು. ಬೇಡ ಅನ್ನಕ್ಕೆ ನೀನ್ಯಾರು?"

ಎಲ್ಲರೆದುರು ಅತ್ತ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಎದೆಯ ಎರಡೂ ಕಡೆ ಸರ್ಜರಿ ಆಯಿತು. ಮೊನ್ನೆಯ ಸ್ಕ್ಯಾನ್ ಕ್ಲಿಯರ್ ಇದೆ. ಮೂರು ತಿಂಗಳಿಗೆ ಮತ್ತೊಂದು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಆದರೂ ಮಧ್ಯಾಹ್ನದವರೆಗೆ ಅಂಗಡಿ ತೆರೆದಿಡುತ್ತೇನೆ. ಡಾಕ್ಟರಿಗೆ ಕೈ ಮುಗಿದಿದ್ದೇನೆ. ಅಣ್ಣನನ್ನು ಕ್ಷಮಿಸಿಲ್ಲ.

ದಿನಾ ಬೈಕಿನಲ್ಲಿ ಅಂಗಡಿಗೆ ಬಿಡುವವನು ಅವನೇ. ನಿನ್ನೆ ಮೆಲ್ಲಗೆ ಕೇಳಿದ, "ಸಿಟ್ಟು ಇನ್ನೂ ಹೋಗ್ಲಿಲ್ವಾ?"

"ಇನ್ನೈದು ವರ್ಷ ಹೋಗಲ್ಲ."

ಅವನ ಮುಖ ಅರಳಿತು. "ಐದು ಸಾಲ್ದು. ಹತ್ತು ವರ್ಷ ಸಿಟ್ಟು ಮಾಡು."

ಅಂಗಡಿಯ ಬೀಗ ತೆಗೆದೆ. ಹತ್ತು ವರ್ಷ ಅವನ ಮೇಲೆ ಸಿಟ್ಟು ಮಾಡಲು ನನಗೂ ಆಸೆಯಿದೆ.