ಧಾರೆ ಸೀರೆ ತಿಂದ ಹುಳ

ದೇವರ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಸಾತನೂರಿನಿಂದ ಅಕ್ಕನ ಫೋನು. ನಮ್ಮ ಅವ್ವನ ಧಾರೆ ಸೀರೆ ತೂತುಬಿದ್ದಿದೆಯಂತೆ. ಹೊಸ ಸೊಸೆ ರೂಪಾ ಹಬ್ಬಕ್ಕೆ ಉಟ್ಟಿದ್ದಳು. ಊದುಬತ್ತಿ ತಾಗಿಸಿಕೊಂಡು, ಹೇಳದೆ ಮಡಿಸಿಟ್ಟಿದ್ದಾಳೆ ಅನ್ನುವುದು ಅಕ್ಕನ ತೀರ್ಮಾನ. ಅವಳ ತವರಿನವರನ್ನೇ ಕರೆಸಿ ಕೇಳುತ್ತಾಳಂತೆ.

(ಸೀರೆಗಿಂತ ಈ ಕೊನೆಯ ಮಾತಿಗೆ ನನಗೆ ದಿಗಿಲಾಯಿತು.) ಕೈ ತೊಳೆದು ಕನಕಪುರದಲ್ಲಿ ಬಸ್ ಹತ್ತಿದೆ.

ರೂಪಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿತ್ತು.

"ನಾನ್ ಸುಟ್ಟಿಲ್ಲ ಚಿಕ್ಕತ್ತೆ, ಮಾದಪ್ಪನಾಣೆ."

"ಸೀರೆ ಏನ್ ತಾನೇ ತೂತು ಮಾಡ್ಕತದಾ?" ಅಂದಳು ಅಕ್ಕ.

ಅಂಗಳದ ಬಿಸಿಲಿನಲ್ಲಿ ಬಿಳಿ ಪಂಚೆ ಹಾಸಿ ಸೀರೆ ಬಿಚ್ಚಿದೆ. ಸುಟ್ಟಿದ್ದರೆ ತೂತಿನ ಅಂಚು ಕಪ್ಪಗೆ, ಗಟ್ಟಿಯಾಗಿರಬೇಕಲ್ಲ? ಇಲ್ಲಿ ಕೆರೆದು ತಿಂದ ಹಾಗಿತ್ತು. ರೇಷ್ಮೆ ಹೋಗಿದೆ, ಕೆಳಗಿನ ಕಾಟನ್ ಫಾಲ್ಸ್ ಹಾಗೇ ಇದೆ!

ಕೊಡವಿದೆ. ಹೊಟ್ಟಿನಂಥದ್ದು ಉದುರಿತು. ಅದರಲ್ಲೊಂದು ಹರಿದಾಡಿತು. ಅಕ್ಕಿಕಾಳಿಗಿಂತ ಸಣ್ಣದು, ಕಂದು ಪಟ್ಟೆ, ಮೈತುಂಬ ಕೂದಲು. ಹೋದ ವರ್ಷ ನಮ್ಮ ಕಂಬಳಿ ತಿಂದದ್ದು ಇದೇ. ಹೊಟ್ಟು ಅಂದದ್ದು ಅದು ಕಳಚಿದ ಪೊರೆ. ಬೆಳೆದ ಮೇಲೆ ಪುಟ್ಟ ದುಂಡು ಜೀರುಂಡೆಯಾಗಿ, ಸಾಧುವಿನಂತೆ ಕಿಟಕಿಗೂ ಹೂವಿಗೂ ಹೋಗುತ್ತದೆ. ಬಟ್ಟೆ ತಿನ್ನುವುದೆಲ್ಲ ಮರಿಯಾಗಿದ್ದಾಗಲೇ. ರೇಷ್ಮೆ, ಉಣ್ಣೆ, ಕೂದಲು, ಸತ್ತ ಹುಳ, ಇವೇ ಅದರ ಊಟ.

ಬಂದದ್ದೆಲ್ಲಿಂದ? ಅಕ್ಕನದು ರೇಷ್ಮೆ ಹುಳ ಸಾಕುವ ಮನೆ. ವಾಸನೆ ರೇಷ್ಮೆ ಹುಳಕ್ಕೆ ಆಗುವುದಿಲ್ಲ ಅಂತ ಬೀರುವಿನಲ್ಲಿ ನುಸಿಗುಳಿಗೆಯನ್ನೂ ಇಡುವುದಿಲ್ಲ. ಜೊತೆಗೆ ಮೊದಲ ಬೆಳೆಯ ಒಂದಿಷ್ಟು ಗೂಡನ್ನು ದೇವರ ಮುಂದಿಟ್ಟು, ಗಂಟು ಕಟ್ಟಿ, ಅದೇ ಸೀರೆಯ ಮಡಿಕೆಯಲ್ಲಿಡುವುದು ಅವಳ ಪದ್ಧತಿ. ದೇವರದು ಅಂತ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಸೀರೆ ಹರವುವಾಗ ಪಕ್ಕಕ್ಕಿಟ್ಟಿದ್ದ ಆ ಗಂಟು ಬಿಚ್ಚಿದೆ. ಗೂಡೊಳಗೆ ಒಣಗಿ ಸತ್ತ ಹುಳ, ಅದರ ಮೇಲೆ ಈ ಕೂದಲು ಹುಳಗಳ ಸಂತೆ.

ಸೊಸೆಗೆ ತಪ್ಪಾಯ್ತು ಅಂದ ಅತ್ತೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಅಕ್ಕ ಸೊಂಟದಿಂದ ಬೀರುವಿನ ಕೀ ತೆಗೆದು ರೂಪಾಳ ಕೈಗಿಟ್ಟಳು.

"ಮಿಕ್ಕಿದ್ದನ್ನೂ ನೀನೇ ತಗ್ದು ಒಸಿ ಬಿಸ್ಲಿಗಾಕವ್ವ."

ಅಷ್ಟಾದರೂ ಆಯಿತಲ್ಲ ಅಂತ ಮಾದಪ್ಪನಿಗೆ ಕೈಮುಗಿದೆ. ತವರಿಗೆ ಫೋನು ಹೋಗಲಿಲ್ಲ.

ಸಂಜೆ ಮನೆಗೆ ಬಂದು ನೆನೆಹಾಕಿದ್ದ ಉದ್ದು ತೊಳೆದು, ಇಡ್ಲಿಗೆ ರುಬ್ಬಲು ಕೂತೆ. ಆ ಹುಳ ಕಣ್ಣಿಗೆ ಬೀಳದೇ ಹೋಗಿದ್ದರೆ, ಆ ಹುಡುಗಿಯ ಮಾತನ್ನು ನಾನಾದರೂ ನಂಬುತ್ತಿದ್ದೆನಾ?