ಜೋಳವಿಲ್ಲದ ಹಗೇವು

ಸ್ವಿಟ್ಜರ್ಲೆಂಡಿಗೆ ಬಂದ ಮೊದಲ ವಾರವೇ ನನ್ನನ್ನು ವ್ಯಾನಿನಲ್ಲಿ ಕೂರಿಸಿ ಗುಡ್ಡದ ಹೊಟ್ಟೆಯೊಳಕ್ಕೆ ಕರೆದೊಯ್ದರು. ಸುರಂಗ ಮುಗಿಯುವುದೇ ಇಲ್ಲ! ಎದುರು ಸಿಕ್ಕವರೆಲ್ಲ "ಗ್ರ್ಯುತ್ಸಿ" ಅನ್ನುತ್ತಿದ್ದರು. ನಮ್ಮ "ಶರಣ್ರಿ" ಇದ್ದಂತೆ.

ಅಣುಸ್ಥಾವರದ ಕಸವನ್ನು ಕಬ್ಬಿಣದ ಡಬ್ಬಿಯಲ್ಲಿಟ್ಟು, ಸುತ್ತ ಜೇಡಿಮಣ್ಣು ಒತ್ತಿ ಗಿಡಿದು, ನೆಲದಾಳದಲ್ಲಿ ಹೂಳುವುದು ಇವರ ಯೋಜನೆ. ಸದ್ಯ ಕಸವಿಲ್ಲದೆಯೇ ಪರೀಕ್ಷೆ ನಡೆದಿದೆ. ಆ ಮಣ್ಣಿನೊಳಗೆ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅಳೆಯುವವಳು ನಾನು. ಅದು ಉಳಿದರೆ ಡಬ್ಬಿಗೆ ಬೇಗ ತುಕ್ಕು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಗಡಹಿಂಗ್ಲಜದ ಹತ್ತಿರದ ಹಳ್ಳಿ ನಮ್ಮದು; ಹೊಲದ ಕೆಲಸ ಇಲ್ಲದಾಗ ಅಪ್ಪ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡಿ ಕೊಲ್ಲಾಪುರದಲ್ಲಿ ಓದಿಸಿದ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಚಳಿಗಾಲವಿಡೀ ಒಂಟಿ ಕೋಣೆಯಲ್ಲಿ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಅಳತೆ ತೆಗೆದೆ. ಹಿಮ ಕರಗುವ ಹೊತ್ತಿಗೆ ಮಾಪಕ ಸೊನ್ನೆ ತೋರಿಸಿತು.

"ಇಷ್ಟು ಬೇಗ ಸೊನ್ನೆಯೇ? ಮಾಪಕ ಕೆಟ್ಟಿರಬೇಕು," ಎಂದರು ನಮ್ಮ ತಂಡದ ಮುಖ್ಯಸ್ಥೆ ಉರ್ಸುಲಾ. ಕೆಟ್ಟಿದ್ದರೆ ನನ್ನ ಚಳಿಗಾಲ ನೀರುಪಾಲಾದಂತೆ. ಮಣ್ಣು ಗಿಡಿಯುವುದರಿಂದ ಮತ್ತೆ ಶುರು.

ನನಗೆ ನೆನಪಾದದ್ದು ನಮ್ಮ ಹಗೇವು: ಅಂಗಳದಲ್ಲಿ ಜೋಳ ತುಂಬಿ ಮಣ್ಣಿನಿಂದ ಮುಚ್ಚುವ ನೆಲದ ಗುಳಿ, ಮರಾಠಿಯವರ ಪೇವ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಅಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾನೆ. ಅದು ಆರಿದರೆ, "ದೂರ ಸರೀರಿ! ಒಳಗ ಉಸುರಿಲ್ಲ!" ಎಂದು ಕೂಗುತ್ತಾನೆ.

ಮುಚ್ಚಿದ ಮಣ್ಣಿನೊಳಗೆ ಉಸಿರು ತೀರುವುದು ನಮಗೆ ಹೊಸದಲ್ಲ ಎಂದೆ. ಕೇಳಿ ಉರ್ಸುಲಾ ನಕ್ಕರು. "ಇಲ್ಲಿ ಕಂದೀಲಿಗೆ ಪರವಾನಗಿ ಸಿಗುವುದಿಲ್ಲ. ಮಾಪಕವನ್ನೇ ಹೊರಗೆಳೆದು ನೋಡೋಣ."

ಮಣ್ಣಿಗೆ ಗಾಳಿ ತಗಲದಂತೆ ಕೊಳವೆಯ ಕವಾಟ ಮುಚ್ಚಿ ಮಾಪಕವನ್ನು ಹೊರಗೆಳೆದೆವು. ಕೆಟ್ಟ ಮಾಪಕವಾದರೆ ಸುರಂಗದ ಗಾಳಿಯಲ್ಲಿಯೂ ಸೊನ್ನೆಯೇ. ಅಂಕಿ ಅಲುಗಿತು. ಏರಿತು. ಸರಸರನೆ ಏರಿತು! ಮಾಪಕ ಸರಿಯಿತ್ತು; ಆಮ್ಲಜನಕವನ್ನು ಮಣ್ಣೇ ನುಂಗಿತ್ತು.

"ಆತ್ರೀ! ಆತು!" ಎಂದು ಕೂಗಿದೆ. ಅರ್ಥವಾಗದಿದ್ದರೂ ಉರ್ಸುಲಾ, "ಆತು, ಆತು" ಎಂದು ಚಪ್ಪಾಳೆ ತಟ್ಟಿದರು.

ಸಂಜೆ ಅವ್ವನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ನಿಮ್ಮದೂ ಹಗೇವನ. ಏನ್ ಇಡ್ತೀರಿ, ಜ್ವಾಳಾನ?"

"ಇಲ್ಲ ಬೇ, ವಿಷ. ಎಂದೂ ತಗೀಬಾರದು."

"ಅಯ್ಯ ನಮ್ಮವ್ವಾ! ತಗೀಲಾರದ ಹಗೇವು ಮುಚ್ಚಾಕ ಅಷ್ಟ್ ದೂರ ಹೋಗಿ ಕುಂತೀಯೇನ?" ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ದನಿ ಇಳಿಸಿದಳು. "ನಮ್ಮದು ನೀ ಬರೂತನಕ ತಗಿಯೂದಿಲ್ಲಂತ ನಿಮ್ಮಪ್ಪ. ಕಂದೀಲ ಈ ಸಲ ನೀನ ಬಿಡಬೇಕಂತ."

ಆ ಹಗ್ಗ ಹಿಡಿಯಲು ಕೈ ತುಡಿಯುತ್ತದೆ. ಆದರೆ ಬೆಳಗಾದರೆ ಗುಡ್ಡದೊಳಗಿನ ಅಂಕಿ ನೋಡದೆ ಚಹಾ ಕೂಡ ಇಳಿಯುವುದಿಲ್ಲ. "ಬರ್ತೀನಿ ಬೇ" ಎಂದೆ. ಯಾವಾಗ ಎಂದು ಅವ್ವ ಕೇಳಲಿಲ್ಲ.