ಪಲ್ಪರ್ ಮನೆಯ ಗಂಟಲು

ಈ ವರ್ಷದ ಕಾಫಿ ಹಣ್ಣಿನ ಸಿಪ್ಪೆ ಗುಂಡಿಯಲ್ಲಿ ಕೊಳೆಯತೊಡಗಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದರೆ ಪಕ್ಕದ ತೋಟದವನು ನೆನಪಾಗುತ್ತಾನೆ... ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಮನೆಯಲ್ಲಿ ಅರಚುತ್ತಿದ್ದವನು.

ಹೆವಿ ಮೆಟಲ್ ಬ್ಯಾಂಡಂತೆ. ನಾಲ್ಕು ಜನ. ಹಣ್ಣಿನ ಕಾಲ ಮುಗಿದು ಯಂತ್ರ ನಿಂತ ಮೇಲೆ ಅಲ್ಲಿ ಡ್ರಮ್ಮು, ಗಿಟಾರು ಜೋಡಿಸಿಕೊಳ್ಳುತ್ತಿದ್ದರು. ಇವನದು ಹಾಡು. ಹಾಡು ಅಂದರೆ, ಕೆಸರಲ್ಲಿ ಹೂತ ಕೋಣದ ಕೂಗು.

"ಏನೋ ಮಾರಾಯ, ಭೇದಿ ಹಿಡ್ಕಂಡೈತಾ?" ಅಂದಿದ್ದೆ.

"ಇದು ಮೆಟಲ್ ಕಣಕ್ಕಾ, ನಿಂಗೆ ತಿಳಿಯಲ್ಲ!"

ತಿಳಿಯಿತು. ಮೊದಮೊದಲು ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ಬಡಿಯುತ್ತಿದ್ದರು, ಪಲ್ಪರಿಗೆ ಕಲ್ಲು ಸಿಕ್ಕ ಹಾಗೆ. ವರ್ಷ ಕಳೆದಂತೆ ಡ್ರಮ್ಮಿನವನು ಕೈ ತಡೆಯುವುದನ್ನು ಕಲಿತ. ಗಿಟಾರು ಒಂದೇ ಸ್ವರ ಎಳೆದು, ಬಿಟ್ಟು, ಸುಮ್ಮನಿರುವುದನ್ನು ಕಲಿಯಿತು. ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತದ್ದೂ ಉಂಟು. ಬದಲಾಗದೆ ಉಳಿದದ್ದು ಇವನ ಗಂಟಲೊಂದೇ.

ಒಂದು ಸಂಜೆ ಕಾಫಿ ಕೊಡಲು ಹೋಗಿದ್ದೆ. ಅವನಿಂದ ಹೊಸ ಹಾಡನ್ನು ಪೂರ್ತಿ ಹಾಡಿಸಿದರು, ಚಪ್ಪಾಳೆಯನ್ನೂ ತಟ್ಟಿದರು. ಆಮೇಲೆ ಅದೇ ಹಾಡನ್ನು ಫೋನಿನಲ್ಲಿ ಹಾಕಿದರು. ಬೇರೆ ಯಾರದೋ ದನಿಯಲ್ಲಿ ಆಗಲೇ ರೆಕಾರ್ಡ್ ಆಗಿಬಿಟ್ಟಿತ್ತು.

"ನಮ್ ಮ್ಯೂಸಿಕ್ ಬೆಳೆದೈತೆ ಕಣೋ," ಅಂದ ಗಿಟಾರಿನವನು.

ಇವನು ನನ್ನತ್ತ ತಿರುಗಿದ. "ಅಕ್ಕಾ, ನೀನೇ ಹೇಳು. ಯಾವ್ದು ಚೆಂದಾಗೈತೆ?"

"ಫೋನಿಂದೇ ಚೆಂದಾಗೈತೆ ಕಣೋ."

ನಿಜಕ್ಕೂ ಚೆನ್ನಾಗಿತ್ತು.

ಬ್ಯಾಂಡಿಗೆ ಬೇಡವಾದ ಗಂಟಲು ಆನೆ ಓಡಿಸಲು ಬಂತು. ಗದ್ದೆಗೆ ಆನೆ ಇಳಿದರೆ ಹೆಗ್ಗದ್ದೆ ಊರಿನವರು ಪಟಾಕಿಗಿಂತ ಮೊದಲು ಇವನನ್ನು ಕರೆಯುತ್ತಿದ್ದರು. ಕೊನೆಗೆ ಅದೇ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಷನ್ ಆಯಿತು, ದನಿ ಹೋಯಿತು. ಖಾಲಿ ಪಲ್ಪರ್ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದ.

"ಈಗ ನಿನ್ ಮ್ಯೂಸಿಕ್ಕೂ ಬೆಳೆದ್ಬುಡ್ತು ನೋಡು, ಒಂಚೂರೂ ಸದ್ದಿಲ್ಲ!" ಅಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕ... ಸದ್ದೇ ಇಲ್ಲದೆ. ಮುಂದಿನ ಹಣ್ಣಿನ ಕಾಲಕ್ಕೆ ಅವನಿರಲಿಲ್ಲ.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಆ ಬ್ಯಾಂಡಿನ ಹೊಸ ಹಾಡು ಹಾಕಿಕೊಟ್ಟಳು. ನಿಧಾನ, ತುಂಬಾ ನಿಧಾನ. ಕೊನೆಯಲ್ಲಿ ಎಲ್ಲ ವಾದ್ಯವೂ ನಿಂತು, ದೂರದಿಂದ ಆ ಕೋಣದ ಕೂಗು ಕೇಳಿತು. ನಮ್ಮ ಪಲ್ಪರ್ ಮನೆಯ ಹಳೇ ರೆಕಾರ್ಡಿಂಗು. ಅದರ ಹಿಂದೆಯೇ ನನ್ನ ಬೈಗುಳ: "ಸಾಕು ನಿಲ್ಸ್ರೋ, ರೊಟ್ಟಿ ಆರೋಗ್ತೈತೆ!"

ಆ ಜಾಗದಲ್ಲಿ ಅಳು ಬಂತು ಎಂದು ಎಷ್ಟೋ ಜನ ಹಾಡಿನ ಕೆಳಗೆ ಬರೆದಿದ್ದಾರೆ. ಹಾಡಿದವರ ಹೆಸರುಗಳಲ್ಲಿ ಅವನ ಹೆಸರಿಲ್ಲ.

ಫೋನಿನಲ್ಲಿ ಟೈಪ್ ಮಾಡುವುದನ್ನು ಈಚೆಗೆ ಕಲಿತಿದ್ದೇನೆ. ಒಂದೊಂದೇ ಅಕ್ಷರ ಒತ್ತಿ, "ಆ ಗಂಟ್ಲು ಯಾರ್ದ್ರೋ?" ಎಂದು ಹಾಕಿದೆ.

ಬ್ಯಾಂಡಿನವರಿಂದ ಒಂದು ಕೆಂಪು ಹೃದಯ ಬಂತು. ಅಷ್ಟೇ.